ಬೆನ್ನು ನೆಲಕ್ಕೆ ಹತ್ತಿದ ಮೇಲೆ

ಕುಪ್ಪೇಲೂರಿನವನು ಅವತ್ತು ಎಸೆದ ಎಸೆತದಲ್ಲಿ ನಾನು ಇವತ್ತಿಗೂ ತಪ್ಪು ಹುಡುಕಲಾರೆ. ಎದುರಾಳಿಯ ಜಾಕೀಟಿನ ಕಾಲರು ಬಲಗೈಯಲ್ಲಿ, ತೋಳು ಎಡಗೈಯಲ್ಲಿ, ಸೊಂಟ ಒಳಗೆ ಹೊಕ್ಕಿದ್ದೇ ತಡ, ಹುಬ್ಬಳ್ಳಿಯ ಆ ಎಡಚ ಹುಡುಗ ಗಾಳಿಯಲ್ಲಿ ಅರ್ಧ ಸುತ್ತು ತಿರುಗಿ ಚಾಪೆಗೆ ಅಪ್ಪಳಿಸಿದ. ಬಿದ್ದದ್ದು ಪೂರ್ತಿ ಬೆನ್ನ ಮೇಲಲ್ಲ, ಪಕ್ಕೆಯ ಮೇಲೆ. ರೆಫ್ರಿ ಅರ್ಧ ಅಂಕವೆಂದು ಕೈ ಅಡ್ಡ ಚಾಚಿದರು. ಜೂಡೊದಲ್ಲಿ ಅರ್ಧ ಅಂಕಕ್ಕೆ ಆಟ ಮುಗಿಯುವುದಿಲ್ಲ. ಬಿದ್ದವನು ಹೊರಳಿ, ತಾನಾಗಿಯೇ ಅಂಗಾತ ಮಲಗಿ, ಎರಡೂ ಕಾಲು ಮೇಲೆತ್ತಿದ. ಅವನ ಎರಡೂ ಭುಜ ನೆಲಕ್ಕೆ ಹತ್ತಿದ್ದನ್ನು ನಮ್ಮವನು ನೋಡಿದ. ನೋಡಿದವನೇ ಹಿಡಿತ ಬಿಟ್ಟು, ಆ ಕಾಲುಗಳ ನಡುವೆ ಮಂಡಿಯೂರಿದ್ದಲ್ಲೇ ಎರಡೂ ಕೈ ಮೇಲೆತ್ತಿ ಜನರ ಕಡೆ ತಿರುಗಿ ನಕ್ಕ.

ಮುಂದೆ ಆದದ್ದನ್ನು ನಾನು ಕಣ್ಣಾರೆ ಕಂಡರೂ ನಂಬಲಿಲ್ಲ. ಮಲಗಿದ್ದವನು ನಮ್ಮವನ ತೋಳು ಹಿಡಿದು ಕೆಳಗೆ ಎಳೆದ. ಒಂದು ಕಾಲನ್ನು ಅವನ ಕುತ್ತಿಗೆಯ ಮೇಲೆ ಹಾಕಿ, ಇನ್ನೊಂದನ್ನು ಅದರ ಮೇಲೆ ಮಡಚಿ ಬಿಗಿದ. ತಲೆ ಮತ್ತು ಒಂದು ತೋಳು ಆ ಕಾಲುಗಳ ತ್ರಿಕೋನದೊಳಗೆ ಸಿಕ್ಕಿಬಿದ್ದವು. ಸೋಲೊಪ್ಪಲು ಚಾಪೆಯನ್ನು ಎರಡು ಸಲ ತಟ್ಟಿದರೆ ಸಾಕು, ಅದನ್ನು ನಾನು ಹೇಳಿಕೊಟ್ಟಿದ್ದೆ. ಆದರೆ ಗೆದ್ದೆನೆಂದು ತಿಳಿದವನು ಯಾಕೆ ತಟ್ಟುತ್ತಾನೆ? ಅವನ ಬಲಗಾಲು ಎರಡು ಸಲ ಅದುರಿತು, ಆಮೇಲೆ ಅದೂ ನಿಂತಿತು. ರೆಫ್ರಿ ಧಾವಿಸಿ ಕಾಲು ಬಿಡಿಸಿದಾಗ ಅವನು ಬೋರಲಾಗಿ ಬಿದ್ದ. ತುಟಿ ನೀಲಿಯಾಗಿತ್ತು, ಕಣ್ಣು ಅರ್ಧ ತೆರೆದಿತ್ತು.

ಸತ್ತ ಎಂದುಕೊಂಡೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಅದರ ಬೆನ್ನಿಗೇ ಬಂದ ವಿಚಾರ ಇನ್ನೂ ನಾಚಿಕೆಗೇಡಿನದು: ಕಾಲೇಜಿನವರಿಗೆ ಏನು ಉತ್ತರ ಕೊಡಲಿ? ನಾನು ಮಾಸ್ತರ, ಓಡಿಹೋಗಿ ಏನಾದರೂ ಮಾಡಬೇಕಾದವನು, ನಿಂತಲ್ಲೇ ನಿಂತಿದ್ದೆ. ಹುಬ್ಬಳ್ಳಿಯ ಕೋಚ್, ನನಗಿಂತ ಹತ್ತು ವರ್ಷ ದೊಡ್ಡವರು, ಅವಸರವಿಲ್ಲದೆ ಬಂದು ಅವನನ್ನು ಅಂಗಾತ ಮಾಡಿ, ಕಾಲು ಎತ್ತಿ ಹಿಡಿದು, ಕೆನ್ನೆ ತಟ್ಟಿದರು. ಅವನು ಒಂದು ದೊಡ್ಡ ಉಸಿರು ಎಳೆದುಕೊಂಡು ಕಣ್ಣು ತೆರೆದು ನನ್ನನ್ನೇ ಹುಡುಕಿದ.

"ಚಿತ್ ಮಾಡಿದ್ನೆಲ್ರಿ ಸರ," ಅಂದ. "ಚಪ್ಪಾಳಿ ಯಾಕ ಹೊಡಿವಲ್ರು?"

ಯಾರೂ ನಗಲಿಲ್ಲ.

ಹಾವೇರಿ ಇನ್ನೂ ಧಾರವಾಡ ಜಿಲ್ಲೆಯ ಒಂದು ತಾಲ್ಲೂಕಾಗಿದ್ದ ಕಾಲ ಅದು. ನಾನು ಅಲ್ಲಿನ ಒಂದು ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಮಾಸ್ತರ. ಹುಟ್ಟಿದ್ದು ಗುತ್ತಲದಲ್ಲಿ, ಬೆಳೆದದ್ದು ಗರಡಿಯ ಕೆಂಪು ಮಣ್ಣಿನಲ್ಲಿ. ಕುಸ್ತಿ ಆಡುವ ವಯಸ್ಸು ಮುಗಿದ ಮೇಲೆ ಸುತ್ತಲಿನ ಊರುಗಳ ಕುಸ್ತಿ ಕಣದಲ್ಲಿ ಪಂಚನಾಗಿ ನಿಂತು ಸೋಲು ಗೆಲುವು ಹೇಳುತ್ತಿದ್ದೆ. ಸರಕಾರ ಆರು ವಾರದ ಜೂಡೊ ತರಬೇತಿಗೆ ಕಳಿಸಿತು, ಹೋಗಿ ಬಂದೆ. ಆರು ವಾರದಲ್ಲಿ ಐದು ವಾರ ಎಸೆಯುವುದನ್ನೇ ಕಲಿಸಿದ್ದರು. ನೆಲದ ಮೇಲಿನ ಆಟಕ್ಕೆ ಬರುವ ಹೊತ್ತಿಗೆ ನನಗೂ ಊರಿನ ಧ್ಯಾನ ಹತ್ತಿತ್ತು. ಬಂದವನು ನಮ್ಮ ಪೈಲ್ವಾನರಿಗೆ ಜಾಕೀಟು ತೊಡಿಸಿದೆ. ಎಸೆತ ಅವರಿಗೆ ಹೊಸದೇನಲ್ಲ, ನೀರು ಕುಡಿದಷ್ಟು ಸಲೀಸಾಗಿ ಎಸೆದರು. ನಾನು ದೊಡ್ಡ ಕೋಚ್ ಆದೆನೆಂದು ತಿಳಿದು ಎದೆ ಉಬ್ಬಿಸಿಕೊಂಡು ತಿರುಗಿದೆ.

ಕುಪ್ಪೇಲೂರಿನವನು ಕಾಲೇಜಿನ ವಿದ್ಯಾರ್ಥಿಯಲ್ಲ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ. ಹತ್ತನೆಯ ತರಗತಿ ಪಾಸಾಗಿದ್ದ. ಪೊಲೀಸ್ ಪೇದೆಯಾಗಬೇಕೆಂಬುದು ಅವನ ಒಂದೇ ಹಟ. ಎರಡು ಸಲ ಬರೆದು ಎರಡು ಸಲವೂ ಸ್ವಲ್ಪದರಲ್ಲಿ ತಪ್ಪಿತ್ತು. ರಾಜ್ಯಮಟ್ಟದಲ್ಲಿ ಆಡಿದ ಪ್ರಮಾಣಪತ್ರವಿದ್ದರೆ ಆಟಗಾರರಿಗೆ ಮೀಸಲಾದ ಜಾಗಕ್ಕೆ ಅರ್ಜಿ ಹಾಕಬಹುದಿತ್ತು. ವಯಸ್ಸಿನ ಮಿತಿ ದಾಟಲು ಐದು ತಿಂಗಳು ಉಳಿದಿತ್ತು. ರಾಜ್ಯಮಟ್ಟಕ್ಕೆ ಹೋಗುವವರ ಆಯ್ಕೆ ರಾಣೆಬೆನ್ನೂರಿನಲ್ಲಿ, ಇನ್ನು ಏಳು ವಾರಕ್ಕೆ. ಒಂದು ತೂಕಕ್ಕೆ ಒಬ್ಬನೇ. ನಮ್ಮವನ ತೂಕದಲ್ಲಿ ಅವನನ್ನು ತಡೆಯಬಲ್ಲವನು ಒಬ್ಬನೇ ಇದ್ದ, ಅವನೇ ಈಗ ಅವನನ್ನು ಮಲಗಿಸಿದ ಎಡಚ.

ಹಾವೇರಿಯ ನಮ್ಮ ಕಾಲೇಜಿನಲ್ಲಿ ನಡೆದ ಆ ಸ್ನೇಹಪಂದ್ಯ ಮುಗಿದು ಚಹಾ ಕುಡಿಯುವಾಗ ಹುಬ್ಬಳ್ಳಿಯ ಕೋಚ್ ನನ್ನನ್ನು ಪಕ್ಕಕ್ಕೆ ಕರೆದರು. ಬೈಯುತ್ತಾರೆ ಎಂದುಕೊಂಡೆ. ಅವರು ಬಸಿಯಲ್ಲಿ ಚಹಾ ಆರಿಸುತ್ತ, "ನಿಮ್ಮ ಹುಡುಗ್ರು ಗೆಲ್ಲೂ ಮಟಾ ಭಾಳ ಚಲೋ ಆಡ್ತಾರ ನೋಡ್ರಿ," ಅಂದರು.

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಆದರೆ ಒಳ್ಳೆಯ ಮನುಷ್ಯ. ಬಸ್ಸಿಗೆ ಹೊತ್ತಿದೆಯೆಂದು ಅರ್ಧ ತಾಸು ಚಾಪೆಯ ಮೇಲೆ ಕೂತು, ಮಲಗಿದವನು ಕಾಲುಗಳಿಂದ ಏನೇನು ಮಾಡಬಲ್ಲ ಎಂದು ನನ್ನ ಮೈಮೇಲೇ ತೋರಿಸಿಕೊಟ್ಟರು. ಮಲಗಿದವನ ಕಾಲುಗಳೇ ಕೋಟೆ, ಅದನ್ನು ದಾಟಿ ಪಕ್ಕೆಗೆ ಬಂದರೆ ಮಾತ್ರ ಮೇಲಿನವನು ಮೇಲಿನವನು, ಅಲ್ಲಿಯವರೆಗೆ ಇಬ್ಬರೂ ಸಮ ಎಂದರು. ದಾಟುವುದು ಹೇಗೆ ಎಂದು ಕೇಳಿದೆ. ಅಷ್ಟರಲ್ಲಿ ಅವರ ಬಸ್ಸು ಬಂತು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಹುಡುಗನದು ತಪ್ಪಲ್ಲ ಎಂಬುದು ಅಷ್ಟಷ್ಟಾಗಿ ಹೊಳೆಯಿತು. ನಮ್ಮ ಕಡೆಯ ಮಣ್ಣಿನಲ್ಲಿ ಬೆನ್ನು ನೆಲಕ್ಕೆ ಹತ್ತಿದರೆ ಚಿತ್, ಕುಸ್ತಿ ಮುಗಿಯಿತು. ಆಮೇಲೆ ಬಿದ್ದವನನ್ನು ಒಂದು ಕ್ಷಣ ಹೆಚ್ಚು ಒತ್ತಿದರೂ ಅದು ಅಪಮಾನ, ಜನ ಬಯ್ಯುತ್ತಾರೆ. ಏಳೆಂಟು ವರ್ಷದಿಂದ ಅವನ ಮೈಗೆ ಕಲಿಸಿದ ಮರ್ಯಾದೆ ಅದು. ಇದು ಮೊದಲೇ ಹೊಳೆಯದೇ ಇದ್ದದ್ದು ಹೇಗೆ ಎಂಬುದೇ ನನಗೆ ಆಘಾತ.

ತಾಲೀಮು ಬ್ಯಾಡಗಿಯಲ್ಲೇ ನಡೆಯಬೇಕಿತ್ತು, ಯಾಕೆಂದರೆ ಅವನ ಕೆಲಸ ಬಿಡುವಂತಿರಲಿಲ್ಲ. ಮಳೆಗಾಲದಲ್ಲಿ ಮೆಣಸಿನಕಾಯಿ ಆವಕ ಇರುವುದಿಲ್ಲ, ಗೋದಾಮುಗಳು ಖಾಲಿ. ಅವನು ದುಡಿಯುತ್ತಿದ್ದ ಅಡತಿ ಅಂಗಡಿಯ ಸಾಹುಕಾರರು ಒಂದು ಗೋದಾಮಿನ ಕೀಲಿ ಕೊಟ್ಟರು. ನಾಲ್ವರು ಹಮಾಲರು, ಎಲ್ಲರೂ ಕುಸ್ತಿಯವರೇ, ತಾವೂ ಬರುತ್ತೇವೆಂದರು. ಖಾಲಿ ಚೀಲಗಳಿಗೆ ಭತ್ತದ ಹುಲ್ಲು ತುಂಬಿ, ಒತ್ತೊತ್ತಾಗಿ ಜೋಡಿಸಿ, ಮೇಲೆ ಲಾರಿಯ ತಾಡಪತ್ರಿ ಎಳೆದು ನಾಲ್ಕೂ ಕಡೆ ಮೊಳೆ ಹೊಡೆದೆವು. ಚಾಪೆ ಸಿದ್ಧವಾಯಿತು. ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಮೊದಲ ಎಸೆತಕ್ಕೇ ಚೀಲಗಳಿಂದ ಹೋದ ಹಂಗಾಮಿನ ಖಾರದ ಪುಡಿ ಎದ್ದಿತು. ಆರೂ ಜನ ಸೀನುತ್ತ, ಕೆಮ್ಮುತ್ತ, ಕಣ್ಣುಜ್ಜುತ್ತ ಬಾಗಿಲಿಗೆ ಓಡಿದೆವು. ಉಜ್ಜಿದ ಕೈಯಲ್ಲೂ ಖಾರ. ಬೆವೆತ ಕುತ್ತಿಗೆಗೆ ಜಾಕೀಟಿನ ಕಾಲರು ತಿಕ್ಕಿದಲ್ಲೆಲ್ಲ ಉರಿಯೆದ್ದಿತು. ಹಮಾಲರಿಗೆ ರೂಢಿ, ನನಗೆ ಎರಡು ದಿನ ಕಣ್ಣು ಬಿಡಲಾಗಲಿಲ್ಲ. ಕಾಲೇಜಿನಲ್ಲಿ ನನ್ನ ಕೆಂಪು ಕಣ್ಣು ನೋಡಿ ಪ್ರಾಂಶುಪಾಲರು ಬೇರೇನೋ ಅನುಮಾನಪಟ್ಟು ಒಂದು ತಾಸು ಉಪದೇಶ ಮಾಡಿದರು. ಚೀಲಗಳನ್ನೆಲ್ಲ ಬಿಚ್ಚಿ, ಹಳ್ಳದಲ್ಲಿ ತೊಳೆದು, ಮೋಡದ ಬಿಸಿಲಿನಲ್ಲಿ ಒಣಗಿಸುವುದರಲ್ಲಿ ಒಂದು ವಾರ ಹೋಯಿತು. ಏಳು ವಾರ ಆರಾಯಿತು.

ನಿಜವಾದ ತೊಡಕು ಎದುರಾದದ್ದು ಆಮೇಲೆ. ಕಾಲು ದಾಟುವುದನ್ನು ಕಲಿಯಬೇಕಾದರೆ ಯಾರಾದರೂ ಒಬ್ಬರು ಅಂಗಾತ ಮಲಗಬೇಕು. ನಾನು ಹಮಾಲರಲ್ಲಿ ಒಬ್ಬನಿಗೆ ಮಲಗು ಎಂದೆ. ಅವನು ಕೇಳಿಸದವನಂತೆ ನಿಂತ. ಇನ್ನೊಬ್ಬನಿಗೆ ಹೇಳಿದೆ, ಅವನು ಮೀಸೆ ತಿರುವಿದ. ಮೂರನೆಯವನು, ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯ, ಕೈ ಮುಗಿದು, "ಕೆಲಸ ಏನ್ ಹೇಳ್ತೀರಿ ಹೇಳ್ರಿ ಮಾಡ್ತೀವಿ. ಕೆಡವಿದ್ರ ಬೀಳ್ತೀವಿ. ನಾವಾಗೇ ಬೆನ್ನ ಹಚ್ಚೂದಿಲ್ರಿ," ಅಂದ. ಸಿಟ್ಟು ನೆತ್ತಿಗೇರಿತು. ಬೈದೆ. ಬೈಯುವುದು ನನಗೆ ಸುಲಭ. ಅವರು ತಲೆ ತಗ್ಗಿಸಿ ಕೇಳಿದರು, ಮಲಗಲಿಲ್ಲ. ನಾಲ್ಕು ದಿನ ಹೀಗೇ ಕಳೆಯಿತು. ಕುಪ್ಪೇಲೂರಿನವನು ಹುಲ್ಲಿನ ಚೀಲವನ್ನೇ ಎದುರಾಳಿ ಎಂದುಕೊಂಡು ಅದರ ಸುತ್ತ ಓಡಾಡಿದ. ಚೀಲಕ್ಕೆ ಕಾಲಿಲ್ಲ.

ಐದನೆಯ ದಿನ ಬಸ್ಸಿನಲ್ಲಿ ಬರುವಾಗ ನನಗೇ ಒಂದು ಪ್ರಶ್ನೆ ಬಂತು. ನೀನು ಮಲಗುತ್ತೀಯಾ? ಗುತ್ತಲದ ಗರಡಿಯಲ್ಲಿ ನನ್ನನ್ನು ಬೆಳೆಸಿದ ವಸ್ತಾದರು ನೋಡಿದರೆ ಏನಂದಾರು ಎಂದು ಅಂಜಿದೆ. ಅವರು ತೀರಿಕೊಂಡು ಒಂಬತ್ತು ವರ್ಷವಾಗಿತ್ತು, ಆದರೂ ಅಂಜಿದೆ. ಗೋದಾಮಿಗೆ ಹೋದವನು ಜಾಕೀಟು ತೊಟ್ಟು, ಮಾತಾಡದೆ, ಚಾಪೆಯ ನಡುವೆ ಹೋಗಿ ಅಂಗಾತ ಮಲಗಿ ಕಾಲೆತ್ತಿದೆ.

ಹಿರಿಯ ಹಮಾಲ ಮುಖ ಆ ಕಡೆ ತಿರುಗಿಸಿದ. ಕುಪ್ಪೇಲೂರಿನವನು ಗಾಬರಿಯಾಗಿ, "ಏಳ್ರಿ ಸರ, ಹಂಗ ಮಾಡಬ್ಯಾಡ್ರಿ," ಎಂದು ಎಬ್ಬಿಸಲು ಬಂದ. ಅವನ ತೋಳು ಹಿಡಿದು ಎಳೆದು, ಹುಬ್ಬಳ್ಳಿಯ ಕೋಚ್ ಕಲಿಸಿದಂತೆ ಕಾಲು ಕುತ್ತಿಗೆಗೆ ಹಾಕಿದೆ. ಈ ಸಲ ಅವನು ತಟ್ಟಿದ.

ಅಲ್ಲಿಂದ ಕೆಲಸ ಶುರುವಾಯಿತು. ದಿನಾ ಸಂಜೆ ನಾನು ಮಲಗುವುದು, ಅವನು ದಾಟಲು ನೋಡುವುದು. ಮೊದಲ ವಾರ ಅವನು ನನ್ನ ಕಾಲುಗಳ ಸುತ್ತ ಓಡಿದ. ಅವನು ಮಾರು ದೂರ ಓಡಬೇಕು, ನಾನು ಸೊಂಟ ತಿರುಗಿಸಿದರೆ ಸಾಕು. ಆಮೇಲೆ ಮೈಯ ಭಾರವನ್ನೆಲ್ಲ ಹಾಕಿ ಮೇಲೆ ಬಿದ್ದ. ಬಿದ್ದವನನ್ನು ಕಾಲಲ್ಲಿ ಸುತ್ತಿಕೊಂಡೆ, ಜೊತೆಗೆ ನನ್ನ ಪಕ್ಕೆಲುಬೊಂದು ಚಟ್ಟೆಂದಿತು. ಹತ್ತು ದಿನ ಸೀನಲೂ ಹೆದರುತ್ತಿದ್ದೆ. ಆ ಊರಿನಲ್ಲಿ ಸೀನದೆ ಇರುವುದು ಸುಲಭವಲ್ಲ.

ಹಳೆಯ ರೋಗವೂ ಹೋಗಿರಲಿಲ್ಲ. ನಡುವೆ ನಾನು ಬೇಕೆಂದೇ ಎರಡೂ ಭುಜ ಚಪ್ಪಟೆ ಹಚ್ಚಿ ಸುಮ್ಮನಾಗುತ್ತಿದ್ದೆ. ಆ ಕ್ಷಣಕ್ಕೆ ಅವನ ಬೆರಳು ತಾವಾಗಿಯೇ ಸಡಿಲಾಗುತ್ತಿದ್ದವು. ಅವನಿಗೆ ಗೊತ್ತೂ ಆಗುತ್ತಿರಲಿಲ್ಲ. ಕೈಗೆ ಬೇರೆಯೇ ತಲೆ ಇದ್ದಂತೆ. ಒಂದು ಸಂಜೆ ಹನ್ನೊಂದು ಸಲ ಹಾಗೆ ಮಾಡಿದ, ಹನ್ನೊಂದು ಸಲವೂ ನಾನು ಕತ್ತು ಹಿಡಿದೆ. ಅವನು ಗೋಡೆಗೆ ಹಣೆ ಹಚ್ಚಿ ನಿಂತ. ಅಳುತ್ತಿದ್ದನೋ ಏನೋ, ನಾನು ನೋಡಲು ಹೋಗಲಿಲ್ಲ.

ನಾಲ್ಕು ವಾರ ಉಳಿದಿದ್ದಾಗ ಒಂದು ದಿನ ತಾಲೀಮಿಗೆ ಬೇಗ ಬಂದೆ. ಹಮಾಲರು ಉಳಿದಿದ್ದ ಹಳೆಯ ಮಾಲನ್ನು ಚೀಲಕ್ಕೆ ತುಂಬುತ್ತಿದ್ದರು. ಮೆಣಸಿನಕಾಯಿ ಚೀಲ ಅಕ್ಕಿಯ ಚೀಲದಂತೆ ಕೂರುವುದಿಲ್ಲ. ಹಗುರ, ಉಬ್ಬಿಕೊಂಡಿರುತ್ತದೆ, ಅತ್ತಿತ್ತ ಒಲೆಯುತ್ತದೆ. ಕುಪ್ಪೇಲೂರಿನವನು ಓರೆಯಾಗಿದ್ದ ಒಂದು ಚೀಲದ ಮುಂದೆ ಅರ್ಧ ಕೂತಂತೆ ನಿಂತಿದ್ದ. ಒಂದು ಪಾದ ಚೀಲದ ಆಚೆ, ಒಂದು ಈಚೆ, ಎರಡು ಮೊಣಕಾಲುಗಳ ನಡುವೆ ಚೀಲ. ಬಲಗಾಲಿನ ಮೊಣಕಾಲು ಅದರ ಮೇಲೆ ತುಸು ಬಾಗಿತ್ತು. ಬೆನ್ನು ನೆಟ್ಟಗೆ. ಚೀಲ ಹಿಡಿಯಲು ಕೈ ಬೇಕಿರಲಿಲ್ಲ, ದಬ್ಬಳ ಹಿಡಿದು ಎರಡೂ ಕೈಯಿಂದ ಅದರ ಬಾಯಿ ಹೊಲಿಯುತ್ತಿದ್ದ. ಚೀಲ ಅಲ್ಲಾಡಿದಾಗ ಅವನೂ ಅದರ ಜೊತೆ ಅಲ್ಲಾಡಿದ, ಆದರೆ ಅದು ಅವನ ಕಾಲ ನಡುವಿನಿಂದ ಎಲ್ಲೂ ಹೋಗಲಿಲ್ಲ.

ನಾನು ಬಾಗಿಲಲ್ಲೇ ಬೆಚ್ಚಿಬಿದ್ದೆ. ಹತ್ತು ದಿನದಿಂದ ನಾನು ಮೈ ಹಣ್ಣು ಮಾಡಿಕೊಂಡು ಹುಡುಕುತ್ತಿದ್ದದ್ದನ್ನು ಇವನು ಕೆಲಸದ ನಡುವೆ ಸಲೀಸಾಗಿ ಮಾಡುತ್ತಿದ್ದ. ದಬ್ಬಳ ಇಡಿಸಿ ಚಾಪೆಗೆ ಎಳೆದುಕೊಂಡು ಹೋಗಿ ಮಲಗಿದೆ. ನನ್ನ ಬಲಗಾಲನ್ನೇ ಚೀಲ ಎಂದುಕೋ ಎಂದೆ.

ಅವನು ತನ್ನ ಬಲ ಪಾದವನ್ನು ನನ್ನ ಎರಡು ಕಾಲುಗಳ ನಡುವೆ ಊರಿದ, ಎಡ ಪಾದವನ್ನು ನನ್ನ ಬಲಗಾಲಿನ ಹೊರಗೆ. ನನ್ನ ಬಲತೊಡೆ ಅವನ ಮೊಣಕಾಲುಗಳ ನಡುವೆ ಸಿಕ್ಕಿತು. ಬಲಗೈಯಿಂದ ನನ್ನ ಇನ್ನೊಂದು ಮೊಣಕಾಲನ್ನು ಕೆಳಕ್ಕೆ ಅದುಮಿದ, ಎಡಗೈಯಿಂದ ಎದೆಯ ಮೇಲಿನ ಕಾಲರು ಹಿಡಿದ. ಒದೆಯಲು ನೋಡಿದೆ, ಒದೆಯಲು ಜಾಗವಿಲ್ಲ. ಸುತ್ತಿಕೊಳ್ಳಲು ನೋಡಿದೆ, ಅವನ ಬೆನ್ನು ನೆಟ್ಟಗಿತ್ತು, ಕತ್ತು ಎಟುಕಲಿಲ್ಲ. ಬಲಕ್ಕೆ ಹೊರಳಿದರೆ ಅವನ ಮೊಣಕಾಲು ನನ್ನ ತೊಡೆಯ ಮೇಲೆ ಜಾರಿ ಪಕ್ಕೆಗೆ ಬಂತು. ಎಡಕ್ಕೆ ಹೊರಳಿದರೆ ನನ್ನ ಎಡಗಾಲನ್ನು ಬದಿಗೆ ಸರಿಸಿ ಆ ಕಡೆಯಿಂದ ಬಂದ. ನಾನು ಕೆಳಗೆ ಏದುಸಿರು ಬಿಡುತ್ತ ಇದ್ದೆ, ಅವನಿಗೆ ಬೆವರೂ ಬಂದಿರಲಿಲ್ಲ. ಚೀಲವನ್ನು ಅಷ್ಟು ಹಗುರವಾಗಿ ಹೇಗೆ ಹಿಡಿಯುತ್ತೀ ಎಂದು ಕೇಳಿದ್ದಕ್ಕೆ, "ಒತ್ತಿ ಹಿಡದ್ರ ಜಾರ್ತೈತ್ರಿ. ಅದು ಒಲದಂಗ ನಾವೂ ಒಲೀಬೇಕು," ಅಂದ.

ಆ ನಿಲುವಿಗೆ ಹಿರಿಯ ಹಮಾಲ ನಾಕಾ ಎಂದು ಹೆಸರಿಟ್ಟ. ಎರಡು ರಸ್ತೆ ಕೂಡುವಲ್ಲಿ ಗಾಡಿ ತಡೆಯುವ ನಾಕಾ ಇರುತ್ತದಲ್ಲ, ಹಾಗೆ. ಕೆಳಗಿನವನು ಯಾವ ರಸ್ತೆ ಹಿಡಿದರೂ ನಮ್ಮ ಮುಂದೆಯೇ ಹಾಯಬೇಕು. ಇದೇ ನಿಲುವು ಬ್ರೆಜಿಲಿನ ಜುಜುತ್ಸುವಿನಲ್ಲಿದೆ, ಅದಕ್ಕೆ ಅಲ್ಲಿ ಪ್ರಧಾನ ಕಚೇರಿ ಎಂಬರ್ಥದ ಹೆಸರಿದೆ ಎಂದು ಎಷ್ಟೋ ವರ್ಷದ ಮೇಲೆ ಯಾರೋ ಹೇಳಿದರು. ಇರಲಿ, ನನಗೆ ನಾಕಾ ಸಾಕು.

ಆಗ ಒಂದು ನಿರ್ಧಾರ ಮಾಡಿದೆ. ಉಳಿದ ನಾಲ್ಕು ವಾರ ಎಸೆತದ ತಾಲೀಮು ಪೂರ್ತಿ ಬಂದ್. ನಾಕಾ, ನಾಕಾದಿಂದ ಪಕ್ಕೆ, ಪಕ್ಕೆಯಲ್ಲಿ ಒತ್ತಿ ಹಿಡಿಯುವುದು, ಇಷ್ಟೇ. ಹಮಾಲರು ಹೌಹಾರಿದರು. ನಮ್ಮವನ ಬಲವೆಲ್ಲ ಎಸೆತದಲ್ಲಿದೆ, ಅದನ್ನೇ ಬಿಡಿಸಿದರೆ ಹೇಗೆ ಎಂದರು. ನಾನು ಹಟ ಹಿಡಿದೆ. ನಾಕಾದಲ್ಲಿ ಸುಮ್ಮನೆ ನಿಂತರೂ ಆಗದು, ಆಟ ನಿಂತಿತೆಂದು ರೆಫ್ರಿ ಇಬ್ಬರನ್ನೂ ಎಬ್ಬಿಸುತ್ತಾರೆ. ಅದಕ್ಕೆ ಮೂರು ಉಸಿರಿನ ಲೆಕ್ಕ ಇಟ್ಟೆವು: ಮೊದಲ ಉಸಿರಿಗೆ ಕಾಲು ಸಿಕ್ಕಿಸು, ಎರಡಕ್ಕೆ ಕೆಳಗಿನವನು ಎತ್ತ ಹೊರಳುತ್ತಾನೆ ನೋಡು, ಮೂರಕ್ಕೆ ದಾಟು. ದಾಟಿದ ಮೇಲೆ ಎದೆಗೆ ಎದೆ ಕೊಟ್ಟು ಮೂವತ್ತು ಸೆಕೆಂಡು ಒತ್ತಿಟ್ಟರೆ ಪೂರ್ಣ ಗೆಲುವು.

ಗೋದಾಮಿನಲ್ಲಿ ಗಂಟೆ ಇರಲಿಲ್ಲ. ನಾನೇ ಕೈಗಡಿಯಾರ ನೋಡಿ ಮೂವತ್ತಕ್ಕೆ "ಆತು, ಏಳು" ಎನ್ನುತ್ತಿದ್ದೆ. ಕುಸ್ತಿ ಕಣದಲ್ಲಿ ಪಂಚನಾಗಿ ಚಿತ್ ಆದಾಗ ಹೇಳುತ್ತಿದ್ದದ್ದೂ ಅದೇ ಮಾತು, ಬಾಯಿಗೆ ಅದೇ ಬರುತ್ತಿತ್ತು. ಅವನು ಆ ಮಾತಿಗೆ ಮಾತ್ರ ಬಿಡುತ್ತಿದ್ದ. ನಾನು ಸತ್ತವನಂತೆ ಬಿದ್ದುಕೊಂಡರೂ ಬಿಡುತ್ತಿರಲಿಲ್ಲ, ಸೋತೆ ಎಂದರೂ ಬಿಡುತ್ತಿರಲಿಲ್ಲ. ಹೊರಡುವ ಹಿಂದಿನ ದಿನ ಅವನು, "ಮದಲ ಬೆನ್ನ ಹತ್ತಿದ್ದ ನೋಡಿದ್ರ ನಗು ಬರ್ತಿತ್ರಿ. ಈಗ ಅಂಜಿಕಿ ಬರ್ತೈತಿ," ಅಂದ. ಕಲಿಸಿದೆ ಎಂದುಕೊಂಡೆ.

ರಾಣೆಬೆನ್ನೂರಿನ ಆಯ್ಕೆ ಒಂದು ಶಾಲೆಯ ಸಭಾಂಗಣದಲ್ಲಿ ನಡೆಯಿತು. ನಿಜವಾದ ಚಾಪೆ, ಮೇಜಿನ ಮೇಲೆ ದೊಡ್ಡ ಗಡಿಯಾರ, ಹಿತ್ತಾಳೆಯ ಗಂಟೆ. ನಮ್ಮವನು ಎರಡು ಪಂದ್ಯ ಗೆದ್ದು ಕೊನೆಯದಕ್ಕೆ ಬಂದ. ಎದುರಿಗೆ ಅದೇ ಎಡಚ. ಮೊದಲ ನಿಮಿಷದಲ್ಲೇ ಎಡಚ ನಮ್ಮವನನ್ನು ಎಸೆದು ಅರ್ಧ ಅಂಕ ಪಡೆದ. ಎಸೆತದ ತಾಲೀಮು ನಿಲ್ಲಿಸಿದ್ದು ನಾನು. ಜೊತೆಗೆ ಬಂದಿದ್ದ ಹಿರಿಯ ಹಮಾಲ ನನ್ನ ಕಡೆ ನೋಡಿದ, ನಾನು ಅವನ ಕಡೆ ನೋಡಲಿಲ್ಲ.

ಮೂರನೆಯ ನಿಮಿಷದಲ್ಲಿ ಎಡಚ ಮತ್ತೆ ನುಗ್ಗಿದ. ನಮ್ಮವನು ಸೊಂಟ ತಪ್ಪಿಸಿ ಕಾಲಿಗೆ ಕಾಲು ಕೊಟ್ಟ. ಎಡಚ ಉರುಳಿದವನೇ ಅಂಗಾತನಾಗಿ ಕಾಲೆತ್ತಿದ, ಹಾವೇರಿಯಲ್ಲಿ ಮಾಡಿದ್ದನ್ನೇ ಇಲ್ಲೂ ಮಾಡೋಣವೆಂದು. ನಮ್ಮವನ ಕೈ ಸಡಿಲಾಗಲಿಲ್ಲ. ಬಲ ಪಾದ ಒಳಗೆ, ಎಡ ಪಾದ ಹೊರಗೆ, ನಾಕಾ ಕೂತಿತು. ಎಡಚ ಅತ್ತಿತ್ತ ಒಲೆದ, ಅವನ ಜೊತೆ ಇವನೂ ಒಲೆದ. ಎಡಚನ ಮುಖದಲ್ಲಿ ದಿಗಿಲು ಕಂಡೆ, ತಾನು ಎಲ್ಲಿ ಸಿಕ್ಕಿಕೊಂಡೆ ಎಂದು ಅವನಿಗೆ ತಿಳಿಯಲಿಲ್ಲ. ಮೂರನೆಯ ಉಸಿರಿಗೆ ಮೊಣಕಾಲು ತೊಡೆಯ ಮೇಲೆ ಜಾರಿತು, ಎದೆ ಎದೆಗೆ ಕೂತಿತು. ರೆಫ್ರಿ ಕೈ ಚಾಚಿ ಒತ್ತುಹಿಡಿತ ಸಾರಿದರು, ಗಡಿಯಾರ ಓಡಿತು.

ಎಡಚ ಸುಮ್ಮನೆ ಬಿಡುವವನಲ್ಲ. ಸೊಂಟ ಎತ್ತಿ, ಬಿಲ್ಲಿನಂತೆ ಬಾಗಿ, ಒಂದು ಭುಜ ನೆಲದಿಂದ ಎಬ್ಬಿಸಿಯೇ ಇದ್ದ. ಹತ್ತು ಸೆಕೆಂಡು. ಹದಿನೈದು. ಆ ಭುಜ ಮೇಲೇ ಇತ್ತು. ನಾನು ಚಾಪೆಯ ಅಂಚಿನಲ್ಲಿ ಮಂಡಿಯೂರಿ ಆ ಭುಜವನ್ನೇ ನೋಡುತ್ತಿದ್ದೆ. ಗಡಿಯಾರ ನೋಡಬೇಕಿತ್ತು. ನೋಡಲಿಲ್ಲ. ಕೊನೆಗೆ ಎಡಚನ ಸೊಂಟ ಸೋತಿತು, ಬಿಲ್ಲು ಇಳಿಯಿತು, ಎರಡೂ ಭುಜ ಒಟ್ಟಿಗೆ ನೆಲಕ್ಕೆ ಹತ್ತಿದವು.

"ಆತು, ಏಳು!"

ಅದು ನನ್ನ ಧ್ವನಿ ಎಂದು ನನಗೆ ತಿಳಿದದ್ದು ಕುಪ್ಪೇಲೂರಿನವನು ಎದ್ದುನಿಂತ ಮೇಲೆ. ನೆಟ್ಟಗೆ ಎದ್ದು ನಿಂತು, ಬೆಲ್ಟು ಸರಿಮಾಡಿಕೊಳ್ಳುತ್ತಿದ್ದ. ಗಂಟೆ ಹೊಡೆದಿರಲಿಲ್ಲ. ಗಡಿಯಾರ ಇಪ್ಪತ್ತೊಂದು ತೋರಿಸುತ್ತಿತ್ತು. ಸಭಾಂಗಣಕ್ಕೆ ಸಭಾಂಗಣವೇ ನನ್ನ ಕಡೆ ನೋಡಿತು. ಹುಬ್ಬಳ್ಳಿಯ ಕೋಚ್ ಬಾಯಿ ತೆರೆದವರು ಮುಚ್ಚಲಿಲ್ಲ. ನನ್ನ ಬಾಯಿ ನನಗೇ ಮೋಸ ಮಾಡಿತ್ತು. ಆ ಹುಡುಗನ ಕೈಯಿಂದ ಆರು ವಾರದಲ್ಲಿ ಕಿತ್ತು ತೆಗೆದ ರೋಗ ನನ್ನೊಳಗೆ ಹಾಗೇ ಕೂತಿತ್ತು. ನನ್ನಿಂದ ಅದನ್ನು ಯಾರೂ ಕಿತ್ತು ತೆಗೆದಿರಲಿಲ್ಲ.

ಇಪ್ಪತ್ತೊಂದು ಸೆಕೆಂಡಿಗೆ ಸಿಕ್ಕದ್ದು ಒಂದು ಸಣ್ಣ ಅಂಕ. ಅರ್ಧ ಅಂಕದ ಮುಂದೆ ಅದು ಲೆಕ್ಕಕ್ಕಿಲ್ಲ. ಇನ್ನೂ ಒಂದು ನಿಮಿಷಕ್ಕಿಂತ ಹೆಚ್ಚು ಸಮಯವಿತ್ತು, ಆದರೆ ಎಡಚ ಜಾಣ, ಮತ್ತೆ ಮಲಗಲಿಲ್ಲ. ದೂರ ದೂರ ಸುತ್ತಿ ಹೊತ್ತು ಕಳೆದ. ಗಂಟೆ ಹೊಡೆಯಿತು. ರೆಫ್ರಿಯ ಕೈ ಎಡಚನ ಕಡೆ ಹೋಯಿತು.

ನಾನು ಮೇಜಿನ ಬಳಿ ಹೋಗಿ ತಪ್ಪು ನನ್ನದು, ಹುಡುಗ ನನ್ನ ಮಾತು ಕೇಳಿ ಬಿಟ್ಟ ಎಂದೆ. ಅಲ್ಲಿದ್ದವರು ಸಭ್ಯರು. ಹೊರಗಿನಿಂದ ಕೂಗಿದ್ದು ಆಟದ ಭಾಗವಲ್ಲ ಎಂದರು. ಅದು ನನಗೂ ಗೊತ್ತಿತ್ತು. ಕುಪ್ಪೇಲೂರಿನವನು ಗೋಡೆಯ ಬಳಿ ಕೂತು ಜಾಕೀಟು ಮಡಚುತ್ತಿದ್ದ. ಬೈಯಲಿ ಎಂದು ಎದುರಿಗೆ ಹೋಗಿ ನಿಂತೆ.

"ನೀವು ಏಳು ಅಂದ್ರಿ, ಎದ್ದೆರಿ," ಅಂದ. ದೂರಲಿಲ್ಲ. ನಡೆದದ್ದನ್ನು ಹೇಳುವಂತೆ ಹೇಳಿದ. ಅದನ್ನು ಕೇಳಿ ನಿಲ್ಲಲು ನನಗೆ ತುಂಬ ಕಷ್ಟವಾಯಿತು.

ರಾಜ್ಯಮಟ್ಟಕ್ಕೆ ಎಡಚ ಹೋದ. ಮುಂದಿನ ಆಯ್ಕೆ ಬರುವ ಹೊತ್ತಿಗೆ ನಮ್ಮವನ ವಯಸ್ಸು ಮಿತಿ ದಾಟಿತ್ತು. ಪೊಲೀಸ್ ಆಗುವುದು ಅಲ್ಲಿಗೆ ಮುಗಿಯಿತು. ಅವನು ಪೇಟೆಯಲ್ಲೇ ಉಳಿದ.

ರಾಣೆಬೆನ್ನೂರಿನಿಂದ ಬಂದ ಮೇಲೆ ಎಂಟು ದಿನ ನಾನು ಬ್ಯಾಡಗಿಯ ಕಡೆ ಮುಖ ಹಾಕಲಿಲ್ಲ. ಒಂಬತ್ತನೆಯ ದಿನ ಹೋದದ್ದು ಗೋದಾಮಿನ ಕೀಲಿ ಸಾಹುಕಾರರಿಗೆ ಮರಳಿಸಲು. ಸಾಹುಕಾರರ ಬಳಿ ಇನ್ನೊಂದು ಕೀಲಿ ಇದ್ದಿರಬೇಕು, ಬಾಗಿಲು ತೆರೆದೇ ಇತ್ತು. ಒಳಗೆ ಹತ್ತು ಹನ್ನೆರಡು ಜನ ಸೇರಿದ್ದರು, ಹೆಚ್ಚಿನವರು ನಾನು ಕಾಣದ ಮುಖದವರು. ಕುಪ್ಪೇಲೂರಿನವನು ಅವರಿಗೆ ಒತ್ತುಹಿಡಿತ ಕಲಿಸುತ್ತಿದ್ದ. ನನಗೆ ಬೆನ್ನು ಮಾಡಿ ನಿಂತಿದ್ದ.

"ಹೊರಗಿಂದ ಯಾರ್ ಏನ್ ಅಂದ್ರೂ ಬಿಡಬ್ಯಾಡ್ರಿ," ಎನ್ನುತ್ತಿದ್ದ. "ರೆಫ್ರಿ ಬಂದು ಮೈ ಮುಟ್ಟೂ ಮಟಾ ಬಿಡಬ್ಯಾಡ್ರಿ. ಸರ ಅಂದ್ರೂ ಬಿಡಬ್ಯಾಡ್ರಿ."

ಎದುರಿಗಿದ್ದವರು ನನ್ನನ್ನು ನೋಡಿ ಮುಖ ತಗ್ಗಿಸಿದರು. ಅವನು ತಿರುಗಿ ನೋಡಿದ. ಅವನ ಮುಖದಲ್ಲಿ ಸಂಕೋಚವಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಪಾಠ ಸರಿಯಿದೆಯೋ ಇಲ್ಲವೋ ಎಂದು ಮಾಸ್ತರನನ್ನು ಕೇಳುವವನ ಮುಖ.

"ಖರೇ ಹೌದಲ್ರಿ ಸರ?"

ಖರೇ ಎಂದೆ.